ಪುಷ್ಯ ಮಳೆಯಲ್ಲಿ 13ರ ತಂತಿ

‘13ರ ಸೆಟ್ ಹಾಕ್ಸಿ ಸಾರ್, ಸೌಂಡೇ ಬೇರೆ’ ಎನ್ನುವವರಿಗೆ ಶಿವಮೊಗ್ಗದಲ್ಲಿ ಬರವಿಲ್ಲ (13 ಎಂದರೆ ಸ್ಟೀಲ್ ತಂತಿಯ ಗಿಟಾರಿನ ಅತಿ ತೆಳು ತಂತಿ 0.013 ಇಂಚು ಇರುವ ಸೆಟ್; ಅಂಕಿ ಏರಿದಷ್ಟೂ ತಂತಿ ದಪ್ಪ). ಹೇಳಲು ಅವರಿಗೇನೂ ಖರ್ಚಿಲ್ಲ. ಹೇಳುವ ತಿಂಗಳು ಮಾತ್ರ ಯಾವಾಗಲೂ ಜುಲೈ. ಹೊರಗೆ ಪುಷ್ಯ ಮಳೆ ಧೋ ಎನ್ನುತ್ತಿರುತ್ತದೆ, ಮೂಲೆಯಲ್ಲಿದ್ದ ಗಿಟಾರ್ ತೊಡೆ ಮೇಲೆ ಬಂದಿರುತ್ತದೆ, ತಂತಿಗೆ ತುಕ್ಕು ಹಿಡಿದಿರುತ್ತದೆ. ಹೇಗೂ ಬದಲಿಸಬೇಕಲ್ಲ, ದಪ್ಪದ್ದೇ ಇರಲಿ ಎಂಬ ಉಮೇದು.

ಸೌಂಡ್ ಬೇರೆ ಎಂಬುದು ಸುಳ್ಳೇನಲ್ಲ. ದಪ್ಪ ತಂತಿ ಟಾಪನ್ನು, ಅಂದರೆ ಗಿಟಾರಿನ ಮುಂಭಾಗದ ಹಲಗೆಯನ್ನು, ಚೆನ್ನಾಗಿ ಅಲುಗಿಸುತ್ತದೆ, ಜೋರು ಸ್ಟ್ರಮ್ಮಿಂಗಿಗೂ ಕದಲದೆ ನಿಲ್ಲುತ್ತದೆ. ಆದರೆ 10ರ ಸೆಟ್ ಹಾಕಿದ ಗಿಟಾರಿನ ಮೇಲೆ ಆರೂ ತಂತಿಗಳ ಒಟ್ಟು ಎಳೆತ 60 ಕೆ.ಜಿ. ಆಸುಪಾಸು. 12ಕ್ಕೆ ಸುಮಾರು 74, 13ಕ್ಕೆ 84ರ ಹತ್ತಿರ. 10ರಿಂದ ನೇರ 13ಕ್ಕೆ ಹಾರಿದರೆ ಟಾಪಿನ ಮೇಲೆ ತಂತಿ ಕಟ್ಟುವ ಬ್ರಿಜ್ಜಿಗೆ ಇನ್ನೊಂದು ಅಕ್ಕಿ ಚೀಲ ಜೋತುಬಿಟ್ಟ ಹಾಗೆ. ಸಲಹೆ ಕೊಟ್ಟವರು ಇದನ್ನು ಹೇಳುವುದಿಲ್ಲ. ನೆಕ್ಕಿನೊಳಗೆ ಅದರ ಬಾಗು ತಿದ್ದುವ ಟ್ರಸ್ ರಾಡ್ ಎಂಬ ಲೋಹದ ಸರಳು ಇದೆ, ಅದನ್ನು ತಿರುಗಿಸಲು ಅಲೆನ್ ಕೀ ಬೇಕು ಎಂಬುದನ್ನೂ ಹೇಳುವುದಿಲ್ಲ. ಆ ಕೀ ಗಿಟಾರಿನ ಜೊತೆಗೇ ಬಂದಿತ್ತು. ರಟ್ಟಿನ ಪೆಟ್ಟಿಗೆಯೊಂದಿಗೆ ಬಚ್ಚಲೊಲೆಗೆ ಹೋಯಿತು.

ಮಳೆಯ ಮಾತು ಬಂತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಗಿಟಾರ್ ಮಾಡುವವರ ಪ್ರಕಾರ ಅದರ ಮರಕ್ಕೆ ಹಿತವಾದ ಆರ್ದ್ರತೆ ಶೇ 45ರಿಂದ 55. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಅದು ಶೇ 90ಕ್ಕಿಂತ ಕೆಳಗಿಳಿದರೆ ಜನ ಹಪ್ಪಳ ಒಣಹಾಕಲು ಹೊರಟುಬಿಡುತ್ತಾರೆ. ಉಪ್ಪು ನೀರಾಗಿರುತ್ತದೆ, ಕಡ್ಡಿ ಗೀರಿದರೆ ಮದ್ದೇ ಕಿತ್ತು ಬರುತ್ತದೆ, ಚಪ್ಪಲಿಗೂ ಬೂಷ್ಟು. ರೇಷ್ಮೆ ಸೀರೆ ಉಳಿಸಿಕೊಳ್ಳಲು ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸುವ ಮನೆಗಳಿವೆ. ಗಿಟಾರನ್ನೂ ಅಲ್ಲೇ ಇಟ್ಟರೆ ಒಳ್ಳೆಯದೇ, ಸೀರೆಯ ಒಡತಿ ಒಪ್ಪಬೇಕಷ್ಟೆ. ಬಲ್ಬ್ ಮಾತ್ರ ಹಳೆಯ ಫಿಲಮೆಂಟಿನದೇ ಆಗಬೇಕು, ಎಲ್‌ಇಡಿಗೆ ಆ ಬಿಸಿಯಿಲ್ಲ. ಬಟ್ಟೆಗೂ ಮರಕ್ಕೂ ತಾಗದಂತೆ ದೂರವಿರಬೇಕು. ಒಲೆಯ ಮೇಲಿನ ಅಟ್ಟ ಖಂಡಿತ ಬೇಡ. ಬೀಜದ ಸೋರೆ, ಬೆತ್ತದ ಬುಟ್ಟಿ ಅಲ್ಲಿ ವರ್ಷಗಟ್ಟಲೆ ಬಾಳುತ್ತವೆ ನಿಜ, ಅವುಗಳನ್ನು 84 ಕೆ.ಜಿ. ಎಳೆಯುತ್ತಿರುವುದಿಲ್ಲ. ಬಿಸಿಗೆ ಅಂಟು ಮೆದುವಾದರೆ ಬ್ರಿಜ್ಜೇ ಎದ್ದು ಬರುತ್ತದೆ. ಕೇಸಿನಲ್ಲಿ ಅಕ್ಕಿ ತುಂಬಿಡಿ ಎನ್ನುವ ಪಂಡಿತರೂ ಇದ್ದಾರೆ. ಅಕ್ಕಿ ಹೀರುವುದು ಅಷ್ಟಕ್ಕಷ್ಟೆ, ಹುಳ ಮಾತ್ರ ಗ್ಯಾರಂಟಿ. ಶೂ ಡಬ್ಬದಲ್ಲಿ ಸಿಕ್ಕ ಸಿಲಿಕಾ ಜೆಲ್ ಪೊಟ್ಟಣವೂ ಮಲೆನಾಡಿನ ಒಂದು ಮಧ್ಯಾಹ್ನಕ್ಕೇ ಸುಸ್ತು. ನೂರಾರು ಗ್ರಾಂ ಬೇಕು, ಗಾಳಿಯಾಡುವ ಬಟ್ಟೆಚೀಲದಲ್ಲಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿತು ಎಂದರ್ಥ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಕೋಬಾಲ್ಟಿನದು, ವಿಷ. ದೋಸೆ ಕಾವಲಿಯ ಮೇಲೆ ಹುರಿಯಬೇಡಿ.

ಇಷ್ಟೆಲ್ಲ ಯಾಕೆಂದರೆ, ಮಳೆಗಾಲದಲ್ಲಿ ಟಾಪಿನ ಮರ ನೀರು ಕುಡಿದು ಬ್ರಿಜ್ಜಿನ ಹಿಂದೆ ಉಬ್ಬುತ್ತದೆ, ತಂತಿಯು ಫ್ರೆಟ್ ಎಂಬ ಲೋಹದ ಪಟ್ಟಿಗಳಿರುವ ಫ್ರೆಟ್‌ಬೋರ್ಡಿನಿಂದ ಮೇಲೇಳುತ್ತದೆ. ದಪ್ಪ ತಂತಿಯೂ ಅದನ್ನೇ ಮಾಡುತ್ತದೆ, ಮೇಲಾಗಿ ನೆಕ್ಕನ್ನೂ ಮುಂದಕ್ಕೆ ಬಗ್ಗಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಯಾವುದು ಯಾರ ಕೆಲಸ ಎಂದು ಗೊತ್ತಾಗದೆ, ಸಿಕ್ಕಿದ ಅಲೆನ್ ಕೀ ಹಿಡಿದು ಟ್ರಸ್ ರಾಡ್ ಬಿಗಿಯುವವರೇ ಹೆಚ್ಚು. ಟ್ರಸ್ ರಾಡ್ ನೆಕ್ಕಿನ ಬಾಗು ತಿದ್ದುತ್ತದೆಯೇ ಹೊರತು ಟಾಪಿನ ಉಬ್ಬನ್ನಲ್ಲ. ಜುಲೈಯಲ್ಲಿ ಹೀಗೆ ಬಿಗಿದ ಗಿಟಾರ್ ಫೆಬ್ರವರಿಯಲ್ಲಿ ಉಬ್ಬಿಳಿದಾಗ ಪ್ರತಿ ಫ್ರೆಟ್ಟಿನಲ್ಲೂ ಝರ್ರೆನ್ನುತ್ತದೆ.

ಅಳತೆ ಕಷ್ಟದ್ದೇನಲ್ಲ. ಶ್ರುತಿ ಮಾಡಿದ ಮೇಲೆ ಮೊದಲ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಆರನೇ, ಅಂದರೆ ಅತಿ ದಪ್ಪ, ತಂತಿಯನ್ನು 14ನೇ ಫ್ರೆಟ್ಟಿನಲ್ಲಿ ಒತ್ತಿ. 7ನೇ ಫ್ರೆಟ್ಟಿನ ಮೇಲೆ ಕಾಲು ಮಿ.ಮೀ. ಸಂದಿದ್ದರೆ ನೆಕ್ ಸರಿಯಿದೆ. ಜಾಸ್ತಿಯಿದ್ದರೆ ಕೀಯನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಆಮೇಲೆ ಒಂದು ದಿನ ಸುಮ್ಮನಿರಿ. ನೆಕ್ ಸರಿಯಿದ್ದೂ 12ನೇ ಫ್ರೆಟ್ಟಿನಲ್ಲಿ ಆರನೇ ತಂತಿ ಎರಡೂವರೆ ಮಿ.ಮೀ. ಬಿಟ್ಟು ಮೂರೂವರೆಗೆ ಏರಿದ್ದರೆ ಟಾಪನ್ನು ನೋಡಬೇಕು. ಬ್ರಿಜ್ಜಿನ ಹಿಂಬದಿಯ ಅಂಚಿನಡಿ ಒಂದು ತೆಳು ಕಾಗದ ತೂರಿಸಿ. ತೂರಿತೋ, ಬ್ರಿಜ್ಜು ಏಳತೊಡಗಿದೆ, 13ರ ಆಸೆ ಬಿಡಿ.

ಉಳಿದದ್ದು ನಟ್, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರಲು ಗಾಡಿ (ಸಣ್ಣ ಕಚ್ಚು) ಕೊರೆದ ಪಟ್ಟಿ. 10ರ ಸೆಟ್ಟಿನ ಆರನೇ ತಂತಿ 0.047 ಇಂಚು, 13ರದು 0.056. ಕಾಲು ಮಿ.ಮೀ.ಗಿಂತ ಕೂದಲೆಳೆ ಕಡಿಮೆ ವ್ಯತ್ಯಾಸ, ಆದರೂ ಹಳೆಯ ಗಾಡಿಯಲ್ಲಿ ಸಿಕ್ಕಿಕೊಳ್ಳಲು ಅಷ್ಟು ಸಾಕು. ಶ್ರುತಿ ಮಾಡುವ ಕಿವಿ (ಮಷಿನ್ ಹೆಡ್) ತಿರುಗಿಸಿದರೆ ಏನೂ ಆಗದು, ಇನ್ನೊಂಚೂರು ತಿರುಗಿಸಿದರೆ ‘ಟಿಕ್’ ಎಂದು ಶ್ರುತಿ ಹಾರಿಬಿಡುತ್ತದೆ. ಬಯ್ಗುಳ ಮಾತ್ರ ಮಷಿನ್ ಹೆಡ್ಡಿಗೆ. ಮೊದಲು ಗಾಡಿಗೆ ಪೆನ್ಸಿಲ್ ಸೀಸ ತಿಕ್ಕಿ ನೋಡಿ. ಬಗ್ಗದಿದ್ದರೆ ಅಳತೆಯ ನಟ್ ಅರದಿಂದ ಅಗಲ ಮಾಡಬೇಕು, ಆಳ ಮಾಡಬಾರದು. ಒಮ್ಮೆ ಅಗಲ ಮಾಡಿದ ಗಾಡಿಯಲ್ಲಿ ತೆಳು ತಂತಿ ಆಮೇಲೆ ಅಲುಗಾಡುತ್ತದೆ. ಸ್ವಾತಿ ಮಳೆ ಮುಗಿಯುವ ತನಕ ಅರ ಮುಟ್ಟದಿರುವುದೇ ವಾಸಿ.

13 ಬೇಕೇ ಬೇಕು ಎನ್ನುವವರಿಗೆ ಒಂದು ದಾರಿಯಿದೆ. ಎಳೆತ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ಶೇ 11ರಷ್ಟು ಕಡಿಮೆಯಾಗುತ್ತದೆ. 84 ಇದ್ದದ್ದು 75ಕ್ಕೆ ಬಂತು, ಅಂದರೆ 12ರ ಸೆಟ್ಟಿನ ಎಳೆತವೇ. ಮೊದಲ ಫ್ರೆಟ್ಟಿಗೆ ಕೇಪೋ ಹಾಕಿದರೆ ಹಾಡುವವರಿಗೆ ಹಳೆಯ ಶ್ರುತಿಯೇ ಸಿಗುತ್ತದೆ. ಇಷ್ಟು ಸರ್ಕಸ್ ಬೇಡವೆಂದರೆ 12 ಹಾಕಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ಇನ್ನು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ಹಾಕಬಹುದಾ ಎಂದು ಕೇಳುವವರು. ಆ ಗಿಟಾರ್ 40 ಕೆ.ಜಿ. ಆಸುಪಾಸಿನ ಎಳೆತಕ್ಕೆಂದು ಕಟ್ಟಿದ್ದು, ಹೆಚ್ಚಿನವಕ್ಕೆ ಟ್ರಸ್ ರಾಡೇ ಇರುವುದಿಲ್ಲ. ಅಂಥವರಿಗೆ ಕಾಫಿ ಕೊಟ್ಟು ಕಳಿಸಬೇಕು, ಗಿಟಾರ್ ಕೈಗೆ ಕೊಡಬಾರದು.