ನಾಲ್ಕನೇ ಮಹಡಿಯ ನಿಧಿ ನಿಕ್ಷೇಪ

ಬೆಂಗಳೂರಿನಲ್ಲಿ 80 ಲಕ್ಷದ ಫ್ಲ್ಯಾಟ್ ಕೊಂಡವರು ಕ್ರಯಪತ್ರದ ನಾಲ್ಕನೇ ಪುಟಕ್ಕೆ ಬರುವ ಹೊತ್ತಿಗೆ ಪಾಳೇಗಾರರಾಗಿರುತ್ತಾರೆ. ‘ಸದರಿ ಸ್ವತ್ತನ್ನು ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಮೇತ ನೀವೂ ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.’ ವಿಜಯನಗರದ ಕಾಲದಲ್ಲಿ ಅಗ್ರಹಾರ ದಾನ ಕೊಡುವಾಗ ಕಲ್ಲಿನಲ್ಲಿ ಕೆತ್ತುತ್ತಿದ್ದ ಮಾತು ಇದು: ನಿಧಿ, ನೀರು, ಕಲ್ಲು ಮೊದಲಾಗಿ ನೆಲದ ಎಂಟು ಬಗೆಯ ಭೋಗದ ಹಕ್ಕು. ಈಗ ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ವಾಸ. ಹೆಸರು, ಅಳತೆ, ಮೊತ್ತ ಮಾತ್ರ ಬದಲಾಗುತ್ತವೆ.

402ನೇ ಫ್ಲ್ಯಾಟಿನಲ್ಲಿ ನಿಧಿ ಅಗೆಯಲು ಹೊರಟರೆ 302ರವರ ಸೀಲಿಂಗ್ ಫ್ಯಾನು ಸಿಗುತ್ತದೆ. ಪಾಷಾಣವೆಂದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ. ಆಗಾಮಿ, ಅಂದರೆ ಮುಂದೆ ಬರುವುದು, ಇಪ್ಪತ್ತು ವರ್ಷದ ಸಾಲದ ಕಂತು. ಜಲ ಟ್ಯಾಂಕರಿನಲ್ಲಿ ಬರುತ್ತದೆ. ಯಾಕೆಂದರೆ ನಕ್ಷೆ ಮಂಜೂರಾದದ್ದು ನಾಲ್ಕು ಮಹಡಿಗೆ, ಎದ್ದು ನಿಂತದ್ದು ಐದು, ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಓಸಿ, ಬರಲಿಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಅಷ್ಟಭೋಗದಲ್ಲಿ ಒಂದು ಖೋತಾ ಆಯಿತು, ಏಳು ಉಳಿದವು.

ನಿಜವಾಗಿ ಕೈಸೇರುವ ನೆಲ ಸ್ವತ್ತಿನ ವಿವರ ಬರೆಯುವ ಷೆಡ್ಯೂಲಿನ ಮೂಲೆಯಲ್ಲಿರುತ್ತದೆ: ಇಡೀ ನಿವೇಶನದಲ್ಲಿ ಅವಿಭಜಿತ ಪಾಲು, ಇಷ್ಟು ಚದರಡಿ. ಅಷ್ಟೂ ಫ್ಲ್ಯಾಟುಗಳ ಪಾಲನ್ನು ಕೂಡಿ ನೋಡುವ ಕೆಟ್ಟ ಅಭ್ಯಾಸ ಇದ್ದವರಿಗೆ ಕೆಲವು ಕಡೆ ಮೊತ್ತ ಇಡೀ ನಿವೇಶನಕ್ಕಿಂತ ದೊಡ್ಡದಾಗಿ ಕಾಣಬಹುದು.

ಈ ಪಾಳೇಗಾರಿಕೆಗೆ ಕಪ್ಪ ಎಷ್ಟು? ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, 40 ಸಾವಿರ. ನಗರವಾದ್ದರಿಂದ ಶೇ 2 ಸರ್‌ಚಾರ್ಜ್, 8 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2, ಅಂದರೆ 1.60 ಲಕ್ಷ. ಒಟ್ಟು 6,08,000 ರೂಪಾಯಿ. ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ದರ ಪತ್ರದ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿದು ಸರ್ಕಾರಕ್ಕೆ ಕಟ್ಟುವ ಗುಮಾಸ್ತಿಕೆಯೂ ಕೊಳ್ಳುವವರದೇ. ಸಂಬಳವಿಲ್ಲ, ತಡವಾದರೆ ಬಡ್ಡಿ ಉಂಟು.

ಆರು ಲಕ್ಷ ಕಟ್ಟಿದವರು ಉಪನೋಂದಣಾಧಿಕಾರಿ ಕಚೇರಿಯ ಕೌಂಟರಿನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಬಹುದಲ್ಲ: ‘ಸ್ವಾಮಿ, ಮಾರಿದವರದೇನಾ ಈ ಮನೆ?’

ಅದು ಇಲ್ಲಿನ ಕೆಲಸವಲ್ಲ. ಇಂಥವರು ಇಂಥ ದಿನ ಬಂದು ಕಾಗದ ಹಾಜರುಪಡಿಸಿದರು, ಒಪ್ಪಿ ಸಹಿ ಹಾಕಿದರು, ಫೋಟೊ ಹೆಬ್ಬೆಟ್ಟು ತೆಗೆಸಿಕೊಂಡೆವು, ಅಷ್ಟೆ. ಮಾರುವವರಿಗೆ ಹಕ್ಕಿದೆಯೇ ಎಂದು ಶೋಧಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ ಎಂದು ತಮಿಳುನಾಡಿನ ಪ್ರಕರಣವೊಂದರಲ್ಲಿ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಮದುವೆ ಮಾಡಿಸಿದ ಪುರೋಹಿತರನ್ನು ಸಂಸಾರದ ಬಗ್ಗೆ ಕೇಳಬಾರದು, ಸರಿ. ಆದರೆ ಯಾವ ಪುರೋಹಿತರೂ ವಧುವಿನ ಮಾರ್ಗಸೂಚಿ ದರದ ಮೇಲೆ ದಕ್ಷಿಣೆ ಕೇಳಿದ್ದಿಲ್ಲ.

ಹಾಗಾದರೆ ಇಸಿ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಋಣಭಾರ ಪ್ರಮಾಣಪತ್ರ, ನೋಡಿ ಎನ್ನುತ್ತಾರೆ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ 16. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ನೆನಪು 2004ರ ಏಪ್ರಿಲ್ 1ರಿಂದ ಶುರು. ವಕೀಲರು ಕೇಳುವುದು 30 ವರ್ಷದ್ದು. ಹಿಂದಿನದಕ್ಕೆ ಕಚೇರಿಯ ಪುಸ್ತಕಗಳಿಗೇ ಶರಣು. ಹುಡುಕಾಟವೂ ನೀವು ಕೊಟ್ಟ ನಂಬರಿಗೆ ಬಂದ ಉತ್ತರ ಮಾತ್ರ. ಲೇಔಟ್ ನಕ್ಷೆಯಲ್ಲಿ 47, ಪಂಚಾಯ್ತಿ ಕಾಲದಲ್ಲಿ 212/47, ಪಾಲಿಕೆಗೆ ಸೇರಿದಾಗ ಒಂದು ಪಿಐಡಿ (ಸ್ವತ್ತಿನ ಗುರುತಿನ ಸಂಖ್ಯೆ), ಈಗ ಇ-ಪಿಐಡಿ. ಒಂದೇ ಸೈಟಿಗೆ ನಾಲ್ಕು ನಾಮಕರಣ. ನಾಲ್ಕರಲ್ಲೂ, ಸರ್ವೆ ನಂಬರಿನಲ್ಲೂ ಹುಡುಕದಿದ್ದರೆ ಅಡಮಾನ ಒಂದು ಹೆಸರಿನಲ್ಲಿ ಅಡಗಿ ಕೂತಿರುತ್ತದೆ, ನಿಮ್ಮ ಕೈಯಲ್ಲಿ ಇನ್ನೊಂದು ಹೆಸರಿನ ನಿಲ್ ಇಸಿ ಇರುತ್ತದೆ. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲುಪಟ್ಟಿ, ಛಾಪಾ ಕಾಗದದ ಅಗ್ರಿಮೆಂಟು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವುಗಳನ್ನು ಅದರಲ್ಲಿ ನಿರೀಕ್ಷಿಸಬೇಡಿ. ನಮ್ಮ ಪುಸ್ತಕದಲ್ಲಿ ಬರೆದದ್ದು ನಮ್ಮ ಪುಸ್ತಕದಲ್ಲಿದೆ ಎಂಬುದಕ್ಕೆ ಸರ್ಕಾರದ ಮೊಹರು.

ಖಾತಾ? ಅದು ಹಕ್ಕಿನ ದಾಖಲೆಯಲ್ಲ, ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂಬ ಪಟ್ಟಿ. ಎಷ್ಟು ಸಲ ಹೇಳಬೇಕು? ಆದರೆ 2024ರ ಅಕ್ಟೋಬರಿನಿಂದ ಆ ಪಟ್ಟಿಯ ಇ-ಅವತಾರವಾದ ಇ-ಖಾತಾ ಇಲ್ಲದೆ ನಗರದ ಸ್ವತ್ತಿನ ನೋಂದಣಿಯೇ ಇಲ್ಲ. ಒಡೆತನಕ್ಕೆ ಬಾರದ ಕಾಗದ ಒಡೆತನ ಬದಲಿಸಲು ಬೇಕೇ ಬೇಕು. ಅದೂ ಮಾರುವವರ ಹೆಸರಿನಲ್ಲೇ ಇರಬೇಕು. ಖಾತೆದಾರರು ತೀರಿಕೊಂಡಿದ್ದರೆ ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರಿಗೆ ಖಾತಾ ವರ್ಗಾವಣೆ. ಕ್ರಯಪತ್ರದಲ್ಲಿ ‘ಎಸ್. ಲಕ್ಷ್ಮಮ್ಮ’, ಆಧಾರಿನಲ್ಲಿ ‘ಲಕ್ಷ್ಮಮ್ಮ ಎಸ್’ ಎಂದಿದ್ದರೆ ಮುಗಿಯಿತು: ಇಬ್ಬರೂ ಒಬ್ಬರೇ ಎಂದು ಲಕ್ಷ್ಮಮ್ಮನವರೇ ಅಫಿಡವಿಟ್ ಕೊಡಬೇಕು. ಇನ್ನು ನಿಯಮ ಮೀರಿದ ಸ್ವತ್ತುಗಳ ಪ್ರತ್ಯೇಕ ಪಟ್ಟಿಯಾದ ಬಿ ಖಾತಾದ ಸ್ವತ್ತು ತೆರಿಗೆ ಕಟ್ಟುವಾಗ ಸಕ್ರಮ, ನಕ್ಷೆ ಮಂಜೂರಾತಿ ಕೇಳುವಾಗ ಅಕ್ರಮ. ಬೆಳಿಗ್ಗೆ ಅಳಿಯ, ಸಂಜೆ ಕಳ್ಳ.

ಇದೆಲ್ಲದರ ಮೇಲೆ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ. 1985ರ ಪತ್ರದಲ್ಲಿ ‘ದಕ್ಷಿಣಕ್ಕೆ: ಗೌಡರ ಹಿತ್ತಲು’. ಗೌಡರು ಹೋದರು, ಹಿತ್ತಲು ಹೋಯಿತು, ಅಲ್ಲೊಂದು ಕಲ್ಯಾಣಮಂಟಪ ಬಂತು. ಪತ್ರದಲ್ಲಿ ಮಾತ್ರ ಹಿತ್ತಲಿಗೆ ಇಂದಿಗೂ ಸೊಪ್ಪು ಬೆಳೆಯುವ ಭಾಗ್ಯ. ಹೊಸ ಪತ್ರವನ್ನು ಜಾಗ ನೋಡಿ ಯಾರು ಬರೆಯುತ್ತಾರೆ? ಹಳೆ ಪತ್ರ ನೋಡಿ ಬರೆಯುತ್ತಾರೆ. ಪತ್ರದಲ್ಲಿ 30x40, ಅಂದರೆ 1,200 ಚದರಡಿ. ಟೇಪು ಹಿಡಿದರೆ 29x38.5, ಅಂದರೆ 1,116.5. ಅಳತೆಗೂ ಚೆಕ್ಕುಬಂದಿಗೂ ಜಗಳ ಬಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚೆಕ್ಕುಬಂದಿಯ ಪರ. ಆದ್ದರಿಂದ ಟೋಕನ್ ಮುಂಗಡ ಕೊಡುವ ಮೊದಲೇ ನಾಲ್ಕು ದಿಕ್ಕಿಗೂ ನಡೆದು, ಪಕ್ಕದ ಸೈಟುಗಳ ಇಂದಿನ ನಂಬರು ಕೇಳಿ ಬರೆಸಬೇಕು. ನೋಂದಣಿಯಾದ ಮೇಲೆ ಪೂರ್ವ ಪಶ್ಚಿಮ ಅದಲುಬದಲಾದದ್ದು ಕಂಡರೆ ತಿದ್ದುಪಡಿ ಪತ್ರವಾಗಬೇಕು, ಅದಕ್ಕೆ ಮಾರಿದವರ ಸಹಿ ಮತ್ತೆ ಬೇಕು. ಅಷ್ಟರಲ್ಲಿ ಅವರು ಮಗಳ ಮನೆಗೆಂದು ಟೆಕ್ಸಾಸಿಗೆ ಹೋಗಿರುತ್ತಾರೆ.

ಪಿತ್ರಾರ್ಜಿತ ಸ್ವತ್ತಿನ ವಂಶವೃಕ್ಷಕ್ಕೊಂದು ವಿಶೇಷ ಗುಣವುಂಟು. ಮಾರಾಟದ ಕಾಲಕ್ಕೆ ಹೆಣ್ಣುಮಕ್ಕಳ ಕೊಂಬೆ ತಾನಾಗಿ ಉದುರುತ್ತದೆ. ‘ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ ಸಾರ್.’ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎನ್ನುತ್ತವೆ. ಆ ತಂಗಿಯ ಸಹಿ ಇಲ್ಲದ ಪತ್ರದ ಉಳಿದ ಭಾಗವನ್ನು ಸಿವಿಲ್ ಕೋರ್ಟಿನಲ್ಲಿ ಓದಿಸುತ್ತಾರೆ.

ಜಿಪಿಎ, ಅಂದರೆ ಅಧಿಕಾರ ಪತ್ರದ, ಮೇಲೆ ಕೊಂಡವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಪಿಎಯಿಂದ ಒಡೆತನ ದಾಟುವುದಿಲ್ಲವೆಂದು 2011ರಲ್ಲೇ ತೀರ್ಪಾಗಿದೆ. ಕೊಟ್ಟವರು ಸತ್ತರೆ ಸಾಮಾನ್ಯವಾಗಿ ಅಧಿಕಾರವೂ ಸಾಯುತ್ತದೆ.

ಬ್ಯಾಂಕು ಸಾಲ ಕೊಟ್ಟಿದೆಯಲ್ಲ ಎಂಬ ಧೈರ್ಯ ಉಳಿಯಿತು. ಬ್ಯಾಂಕು ನೋಡಿಕೊಂಡದ್ದು ತನ್ನ ಸಾಲವನ್ನು. ಮನೆ ಹೋದರೂ ಕಂತು ಹೋಗುವುದಿಲ್ಲ. ವಕೀಲರ ಅಭಿಪ್ರಾಯ ‘ನಮಗೆ ಒದಗಿಸಿದ ದಾಖಲೆಗಳ ಆಧಾರದ ಮೇಲೆ’ ಎಂದೇ ಶುರುವಾಗುತ್ತದೆ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟಿರುತ್ತಾರೆ, ಸಾಸಿವೆ ಕಾಳಿನ ಅಕ್ಷರದಲ್ಲಿ.

ಹಾಗೆಂದು ಹೊಣೆ ಹೊರುವವರು ಯಾರೂ ಇಲ್ಲವೆಂದಲ್ಲ. ಪತ್ರದ ಕೊನೆಯ ಪುಟದಲ್ಲಿ ಒಬ್ಬರಿದ್ದಾರೆ: ‘ಮುಂದೆ ಯಾರಿಂದಲಾದರೂ ಯಾವುದೇ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ.’ ಮಾರಿದವರು. ಅವರ ವಿಳಾಸ ಬೇಕಾದರೆ ಮೊದಲ ಪುಟದಲ್ಲಿದೆ: ಈಗ ತಾನೇ ನಿಮಗೆ ಮಾರಿ ಖಾಲಿ ಮಾಡಿದ ಅದೇ ಮನೆ.