ಸರಾಸರಿ ಇಳಿಜಾರು

ಶಿವಮೊಗ್ಗದಿಂದ ಹೊನ್ನಾವರಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ ಅಂತ ಹೋದ ದೀಪಾವಳಿಯ ದಿನ ಹೋಳಿಗೆ ತಿನ್ನುತ್ತಾ ಹೇಳಿದ್ದೆ. ಹೊಟ್ಟೆ ತುಂಬಿದವನ ಮಾತು ಅಂತ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಮ್ಮ ಮಾತ್ರ ಇನ್ನೊಂದು ಹೋಳಿಗೆ ಹಾಕಿ, "ಬಸ್ಸು ಸಿಗಲ್ವಂತಾ?" ಅಂದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಲೆಕ್ಕ ಹಾಕದೆ ಮಾತಾಡುವುದಿಲ್ಲ. ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ, ಆಮೇಲೆ ಘಾಟಿ ಇಳಿದು ಗೇರುಸೊಪ್ಪ, ಹೊನ್ನಾವರ. ಒಟ್ಟು ಸುಮಾರು 160 ಕಿಲೋಮೀಟರ್. ಶಿವಮೊಗ್ಗ ಇರುವುದು ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ಹೊನ್ನಾವರ ಸಮುದ್ರದ ಪಕ್ಕದಲ್ಲೇ ಇದೆ. ಅಂದರೆ ಪ್ರತಿ ಕಿಲೋಮೀಟರಿಗೆ ಸರಾಸರಿ ಮೂರೂವರೆ ಮೀಟರ್ ಇಳಿಜಾರು! ಸುಮ್ನೆ ಸೀಟಿನ ಮೇಲೆ ಕೂತರೂ ಸಾಕು, ಸೈಕಲ್ ತಾನಾಗಿಯೇ ಹೊನ್ನಾವರಕ್ಕೆ ಹೋಗಬೇಕು.

ಇದನ್ನು ಹೆಂಡತಿಗೆ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ತೋರಿಸಿದೆ. ಅವಳು ನೋಡಿ, "ರೀ, ನೀವು ಸೈಕಲ್ ಹೊಡೆಯೋದು ರೋಡಿನ ಮೇಲಾ, ಸರಾಸರಿ ಮೇಲಾ?" ಅಂದಳು. ಗಣಿತ ಗೊತ್ತಿಲ್ಲದವರ ಜೊತೆ ವಾದ ಮಾಡಬಾರದು ಅಂತ ಸುಮ್ಮನಾದೆ. ಅವಳು ಎಂ.ಎಸ್ಸಿ. ಮಾಡಿದ್ದಾಳೆ, ಆ ಮಾತು ಬೇರೆ.

ತಯಾರಿಗೆ ಅವಸರ ಬೇಡ ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆ. ನಲವತ್ತೆಂಟರ ಮೈ, ಅದಕ್ಕೂ ಸ್ವಲ್ಪ ಟೈಮು ಕೊಡಬೇಕಲ್ಲ? ಹಾಗಾಗಿ ನವೆಂಬರಿನಲ್ಲಿ ಹೊರಡಲಿಲ್ಲ. ಡಿಸೆಂಬರಿನಲ್ಲಿ ಊರಲ್ಲಿ ಅಡಿಕೆ ಕೊಯ್ಲು. ಜನವರಿಯಲ್ಲಿ ಚಳಿ, ಬೆಳಗ್ಗೆ ಏಳಕ್ಕಾಗಲಿಲ್ಲ. ಫೆಬ್ರವರಿ, ಮಾರ್ಚು ಎಸ್ಸೆಸ್ಸೆಲ್ಸಿ ಮಕ್ಕಳದ್ದು. ಏಪ್ರಿಲ್ ಬಿಸಿಲಲ್ಲಿ ನಾಯಿಯೂ ರಸ್ತೆಗೆ ಇಳಿಯುವುದಿಲ್ಲ. ಜೂನ್ ಬಂತು, ಮಳೆ ಬಂತು. ಮಳೆಗಾಲದಲ್ಲಿ ಜೋಗ ನೋಡಲು ಚೆಂದ ನಿಜ, ಆದರೆ ಅದು ಬಸ್ಸಿನ ಕಿಟಕಿಯಿಂದ. ಆ ಮಳೆಯಲ್ಲಿ ಘಾಟಿಯ ಪಕ್ಕ ಸೈಕಲ್ ನಿಲ್ಲಿಸಿ ಎರಡು ನಿಮಿಷ ಸುಧಾರಿಸಿಕೊಂಡರೆ, ಇಷ್ಟಗಲ ಉಂಬಳ ಕಾಲಿಗೆ ಹತ್ತಿಕೊಂಡು ನಮ್ಮ ಜೊತೆಗೇ ಹೊನ್ನಾವರಕ್ಕೆ ಬರುತ್ತದೆ, ಅದೂ ಪುಕ್ಕಟೆ.

ಹೀಗೆ ತಿಂಗಳು ತಿಂಗಳೂ ಹೊರಡದೇ ಇರಲು ನ್ಯಾಯವಾದ ಕಾರಣ ಸಿಗುತ್ತಾ ಹೋಯಿತು. ಹಾಗಂತ ನಾನು ಕೈಕಟ್ಟಿ ಕೂತಿರಲಿಲ್ಲ.

ಮೊದಲು ಪೆಡಲ್ ವಿಷಯ. ಪೆಡಲ್ ಬಿಚ್ಚಿ ಗ್ರೀಸ್ ಹಾಕಿದರೆ ಸೈಕಲ್ ಹಗುರ ಹೋಗುತ್ತದೆ ಅಂತ ಒಂದು ವಿಡಿಯೋ ನೋಡಿದೆ. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿಕೊಂಡೆ. ಬಲಗಡೆ ಪೆಡಲ್ ಒಂದೇ ಏಟಿಗೆ ಬಿಚ್ಚಿತು. ಅದೇ ಧೈರ್ಯದಲ್ಲಿ ಎಡಗಡೆಗೆ ಸ್ಪ್ಯಾನರ್ ಹಾಕಿದೆ. ಅದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟೆ. ಅಮ್ಮನ ಕೈಯಿಂದ ಬಿಸಿನೀರು ತರಿಸಿ ಹೊಯ್ದೆ. ಕೊನೆಗೆ ಗೋಡೆ ಹಿಡಿದುಕೊಂಡು ಸ್ಪ್ಯಾನರಿನ ಮೇಲೆ ಹತ್ತಿ ನಿಂತೆ. ನನ್ನ ತೂಕ 82 ಕೆಜಿ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸ್ಪ್ಯಾನರ್ ಜಾರಿತು, ನಾನೂ ಜಾರಿದೆ, ಸೈಕಲ್ ನನ್ನ ಮೇಲೆ ಬಿತ್ತು. ಎದ್ದು ನೋಡಿದರೆ ಮೀನಖಂಡದ ಮೇಲೆ ಚೈನು ಚಕ್ರದ ನಾಲ್ಕು ಹಲ್ಲು ಗ್ರೀಸಿನಲ್ಲಿ ಅಚ್ಚೊತ್ತಿತ್ತು, ಸಾಲಾಗಿ, ರಬ್ಬರ್ ಸ್ಟಾಂಪ್ ಹೊಡೆದ ಹಾಗೆ.

ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಹೋದೆ. ನಮ್ಮ ಬೀದಿ ಕೊನೆಯ ಈ ಸೈಕಲ್ ಶಾಪು ನನಗೆ ಹೊಸದಲ್ಲ. ಈಗ ಅಲ್ಲಿರುವವನ ಅಪ್ಪ ಗಂಟೆಗೆ 50 ಪೈಸೆಗೆ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ, ಸೀಟಿಗೆ ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದವನು ನಾನು. ಆಗಲೂ ಬೀಳುತ್ತಿದ್ದೆ. ಆದರೆ ಚಲಿಸುವ ಸೈಕಲ್ಲಿನಿಂದ ಬೀಳುತ್ತಿದ್ದೆ.

ಹುಡುಗ ನೋಡಿದ. ಹುಡುಗ ಅಂದರೆ ಅವನಿಗೂ ನಲವತ್ತಾಯಿತು. "ಮೇಷ್ಟ್ರೇ, ಎಡಗಡೆ ಪೆಡಲ್ಲಿಗೆ ಉಲ್ಟಾ ಥ್ರೆಡ್ಡು. ತುಳೀತಾ ತುಳೀತಾ ಲೂಸ್ ಆಗಬಾರ್ದು ಅಂತ ಹಂಗೆ ಮಾಡಿರ್ತಾರೆ. ನೀವು ಇಷ್ಟೊತ್ತು ಬಿಚ್ಚಿಲ್ಲ, ಟೈಟ್ ಮಾಡಿದೀರ" ಅಂದ. ಅದನ್ನು ಬಿಚ್ಚುವುದಕ್ಕೆ ಅವನು ಉದ್ದದ ಪೈಪು ತರಬೇಕಾಯಿತು. "ಇಷ್ಟು ಟೈಟು ಕಂಪನಿಯವರೂ ಮಾಡಲ್ಲ" ಅಂತ ಸರ್ಟಿಫಿಕೇಟನ್ನೂ ಕೊಟ್ಟ.

ಮುಂದಿನದು ಪಂಚರ್. ಕಾಡಿನ ಮಧ್ಯೆ ಪಂಚರ್ ಆದರೆ ಯಾರು ದಿಕ್ಕು? ಅದಕ್ಕೆ ಕಿಟ್ ತರಿಸಿದೆ. ಪ್ಯಾಚು, ಸಲ್ಯೂಷನ್ನು, ಸ್ಯಾಂಡ್ ಪೇಪರು, ಟೈರ್ ಎಬ್ಬಿಸಲು ಎರಡು ಕಡ್ಡಿ. ಅಭ್ಯಾಸಕ್ಕೆ ಅಂತ ಚೆನ್ನಾಗಿದ್ದ ಹಿಂದಿನ ಚಕ್ರದ ಗಾಳಿ ಬಿಟ್ಟು, ಟ್ಯೂಬ್ ಹೊರಗೆಳೆದು, ಮತ್ತೆ ಹಾಕಿದೆ. 40 ನಿಮಿಷ ಹಿಡಿಯಿತು. ಇನ್ನು ಗಾಳಿ ಹೊಡೆಯಬೇಕು, ಹೊಸ ಪಂಪು ಕಚ್ಚುತ್ತಿಲ್ಲ. ನನ್ನ ಸೈಕಲ್ಲಿನದು ಬೈಕಿನ ಥರದ ದಪ್ಪ ವಾಲ್ವು, ಪಂಪು ಬಂದಿರುವುದು ರೇಸ್ ಸೈಕಲ್ಲಿನ ಸಣ್ಣ ವಾಲ್ವಿಗೆ. ಮತ್ತೆ ತಳ್ಳಿಕೊಂಡು ಅದೇ ಅಂಗಡಿ.

ಅಲ್ಲಿ ಗಾಳಿ ಹೊಡೆದರೆ ಟೈರು ಒಂದು ನಿಮಿಷದಲ್ಲಿ ಚಪ್ಪಟೆ. ಅವನು ಟ್ಯೂಬ್ ತೆಗೆದು ನೀರಿನ ಬಾಣಲೆಗೆ ಅದ್ದಿದ. ಎರಡು ಕಡೆ ಬುಳುಬುಳು ಗುಳ್ಳೆ. "ಮೇಷ್ಟ್ರೇ, ಮುಳ್ಳಿನ ಪಂಚರ್ ಒಂದೂ ಇಲ್ಲ. ಈ ಎರಡೂ ನೀವು ಕಡ್ಡೀಲಿ ಚುಚ್ಚಿದ್ದು."

ಪ್ಯಾಡ್ ಇರುವ ಚಡ್ಡಿಯ ಕತೆ ಬೇಗ ಹೇಳಿ ಮುಗಿಸುತ್ತೇನೆ. ಗಂಟೆಗಟ್ಟಲೆ ಕೂರುವವರಿಗೆ ಸೀಟು ಒತ್ತಬಾರದು ಅಂತ ಅದರೊಳಗೆ ಬೆರಳು ದಪ್ಪದ ಮೆತ್ತೆ ಹೊಲಿದಿರುತ್ತಾರೆ. ಬಂದ ದಿನವೇ ಅಮ್ಮ ಅದನ್ನು ಒಗೆದು ಬೀದಿಗೆ ಕಾಣುವ ತಂತಿಯ ಮೇಲೆ ಹರವಿದರು. ಎದುರುಮನೆಯವರು ಗೇಟಿನ ಹತ್ತಿರ ನಿಂತು, ತುಂಬ ಮೆಲ್ಲಗೆ, "ಮೇಷ್ಟ್ರಿಗೆ ಮೂಲವ್ಯಾಧಿಯಾ? ನಮ್ಮ ಅಣ್ಣನಿಗೂ ಇತ್ತು, ಸುವರ್ಣಗೆಡ್ಡೆ ತಿಂದು ವಾಸಿ ಆಯ್ತು" ಅಂದರಂತೆ. ಆ ವಾರ ನಮ್ಮ ಮನೆಯಲ್ಲಿ ಮೂರು ಸಲ ಸುವರ್ಣಗೆಡ್ಡೆ ಪಲ್ಯ. ಕಾಯಿಲೆ ಇಲ್ಲ ಅಂತ ಅಮ್ಮನಿಗೂ ಗೊತ್ತು. ಆದರೂ "ಮುಂಚೇನೇ ತಿಂದಿರೋದು ಒಳ್ಳೇದು ಮಾರಾಯ" ಅಂದರು.

ಮೈ ಪಳಗಲಿ ಅಂತ ಒಂದು ಭಾನುವಾರ ಸಕ್ರೆಬೈಲಿಗೆ ಹೋದೆ. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್, ತುಂಗೆಯ ಹಿನ್ನೀರಿನ ಪಕ್ಕದ ಆನೆ ಬಿಡಾರ. ಹೋಗುವಾಗ ಗಾಜನೂರಿನ ಹತ್ತಿರ ಇಡ್ಲಿ, ವಡೆ. ಸುಸ್ತಾದವನಿಗೆ ಶಕ್ತಿ ಬೇಕಲ್ವಾ, ಇನ್ನೊಂದು ವಡೆ. ಬಿಡಾರದಲ್ಲಿ ಮಾವುತರು ಆನೆಗಳನ್ನು ನೀರಿಗಿಳಿಸಿ ಮೈ ಉಜ್ಜುತ್ತಿದ್ದರು. ಒಂದು ಹೆಣ್ಣಾನೆ ಪಕ್ಕಕ್ಕೆ ಒರಗಿ ಮಲಗಿ, ಒಂದು ಕಣ್ಣು ಮಾತ್ರ ನೀರಿನ ಮೇಲಿಟ್ಟುಕೊಂಡು ಸೊಂಡಿಲಿನ ತುದಿಯಿಂದ ಉಸಿರು ಬಿಡುತ್ತಿತ್ತು. ತಯಾರಿ ಅಂದರೆ ಹೀಗಿರಬೇಕು ಅನ್ನಿಸಿತು. ಮುಕ್ಕಾಲು ಗಂಟೆ ನೋಡಿದೆ. ಎದ್ದು ನಿಂತಾಗ ತೊಡೆಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ವಾಪಸ್ ಬಂದಿದ್ದು ಬಾಳೆಗೊನೆ ಹೊತ್ತ ಲಗೇಜ್ ಆಟೋದಲ್ಲಿ, ಸೈಕಲ್ ಅಪ್ಪಿಕೊಂಡು. ಸರ್ಕಲ್ಲಿನಲ್ಲಿ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು ನೋಡಿ "ನಮಸ್ಕಾರ ಸಾರ್" ಅಂದರು. ನಾನು ಗೊನೆಯ ಹಿಂದೆ ತಲೆ ತಗ್ಗಿಸಿದೆ. ಮೂರು ತಿಂಗಳ ಈ ಬಗೆಯ ಕಸರತ್ತಿನ ನಂತರ ತೂಕ ನೋಡಿದರೆ 84.

ಉತ್ಸಾಹ ಕುಗ್ಗಬಾರದು ಅಂತ ರಾತ್ರಿ ಊಟದ ಹೊತ್ತಿಗೆ ಹಳೆಯ ಸೈಕಲ್ ಯಾತ್ರಿಗಳ ಕತೆ ಹೇಳತೊಡಗಿದೆ. 1923ರ ಅಕ್ಟೋಬರಿನಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಮೂವರು ಪೂರ್ತಿ ಸುತ್ತಿ, 71,000 ಕಿಲೋಮೀಟರ್ ಮುಗಿಸಿ, 1928ರಲ್ಲಿ ಊರಿಗೆ ಬಂದರು. ಹೆಂಡತಿ ಮಜ್ಜಿಗೆ ಬಡಿಸುತ್ತಾ ಲೆಕ್ಕ ಹಾಕಿದಳು. "ಅಂದ್ರೆ ನಾಲ್ಕೂವರೆ ವರ್ಷ. ನಿಮ್ಮ ಸ್ಪೀಡಿನಲ್ಲಿ ಅವರು ಇನ್ನೂ ಮುಂಬೈಯಲ್ಲೇ ಪೆಡಲ್ ಬಿಚ್ತಾ ಇರ್ತಿದ್ರು."

ಇನ್ನೊಂದು ದಿನ ಥಾಮಸ್ ಸ್ಟೀವನ್ಸ್ ಕತೆ. 1884ರಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇರುವ ಸೈಕಲ್ಲಿನಲ್ಲಿ ಅಮೆರಿಕದಿಂದ ಹೊರಟವನು. ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಡೇರೆಯೂ ಆಗುವ ಒಂದು ರೇನ್‌ಕೋಟು, ಒಂದು ಪಿಸ್ತೂಲು, ಇಷ್ಟೇ ಅವನ ಗಂಟು. ಅಮ್ಮ ಗಮನವಿಟ್ಟು ಕೇಳಿ, "ಪಿಸ್ತೂಲ್ ಬೇಡ, ಕೊಡೆ ತಗೊಂಡ್ಹೋಗು" ಅಂದರು. ಮರುದಿನದಿಂದ ಅಟ್ಟದ ಮೇಲಿನ ಬ್ಯಾಗು ತಾನೇ ತಾನಾಗಿ ಬೆಳೆಯತೊಡಗಿತು. ಕೊಡೆ, ಸ್ವೆಟರು, ಅಮೃತಾಂಜನ, ಒಂದು ಡಬ್ಬಿ ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಹೊನ್ನಾವರದ ನೆಂಟರಿಗೆ ಅಂತ ಎರಡು ಕೆಜಿ ಜೋನಿಬೆಲ್ಲ. ತೂಗಿದರೆ 19 ಕೆಜಿ. ಬರೀ ಸೈಕಲ್ಲೇ 15. ಬ್ಯಾಗು ಕ್ಯಾರಿಯರಿಗೆ ಕಟ್ಟಿ ಕೈ ಬಿಟ್ಟೆ, ಮುಂದಿನ ಚಕ್ರ ಮೇಲೆದ್ದಿತು, ಕುದುರೆ ಥರ.

ಇಷ್ಟರಲ್ಲಿ ಊರಿಗೆಲ್ಲ ವಿಷಯ ಗೊತ್ತಾಗಿತ್ತು. ಶುರುವಿನಲ್ಲಿ "ಯಾವಾಗ ಹೊರಡ್ತೀರಿ ಮೇಷ್ಟ್ರೇ?" ಅಂತ ಕೇಳುತ್ತಿದ್ದರು. ಆಮೇಲಾಮೇಲೆ ಕೇಳುವುದು ಬಿಟ್ಟರು. ಸೆಪ್ಟೆಂಬರಿನಲ್ಲಿ ಒಂದು ದಿನ ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ಕಟ್ಟಿಸುತ್ತಿದ್ದೆ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ, "ಹೊನ್ನಾವರ ಹೆಂಗಿತ್ತು?" ಅಂದರು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹನ್ನೊಂದು ತಿಂಗಳ ಕತೆಯನ್ನು ಅಲ್ಲಿ ಎಲ್ಲಿಂದ ಶುರು ಮಾಡುವುದು? "ಚೆನ್ನಾಗಿತ್ತು" ಅಂದೆ. ಸುಳ್ಳೇನಲ್ಲ. ಹೋದ ಸಲ ಬಸ್ಸಿನಲ್ಲಿ ಹೋದಾಗ ಚೆನ್ನಾಗಿಯೇ ಇತ್ತು.

ಶನಿವಾರ ಬೆಳಗ್ಗೆ ಶಾಲೆಯಲ್ಲಿ ಹೆಡ್ ಮಾಸ್ಟರು ಮೈಕು ನನ್ನ ಕೈಗೆ ಕೊಟ್ಟರು. "ನಮ್ಮ ಮೇಷ್ಟ್ರು ಹೊನ್ನಾವರಕ್ಕೆ ಸೈಕಲ್ಲಲ್ಲಿ ಹೋಗಿಬಂದಿದಾರೆ. ಮಕ್ಕಳಿಗೆ ಅನುಭವ ಹೇಳ್ತಾರೆ." ಐನೂರು ಮಕ್ಕಳು ಚಪ್ಪಾಳೆ ತಟ್ಟಿದರು. ಆ ಒಂಬತ್ತನೇ ಕ್ಲಾಸಿನ ಇಬ್ಬರು ಮಾತ್ರ ಒಬ್ಬರನ್ನೊಬ್ಬರು ನೋಡಿಕೊಂಡರು.

ಹೋಗಿಲ್ಲ ಅಂತ ಹೇಳಲು ಬಾಯಿ ತೆರೆದೆ. ಆದರೆ ಬಂದಿದ್ದು ಪೆಡಲ್ಲಿನ ಉಲ್ಟಾ ಥ್ರೆಡ್ಡಿನ ವಿಷಯ. ಅಲ್ಲಿಂದ ವಾಲ್ವು, ಟ್ಯೂಬು, ಪಾರ್ಸಿಗಳು, ಸ್ಟೀವನ್ಸು. ಚಡ್ಡಿ ಬಿಟ್ಟೆ. ಇಪ್ಪತ್ತು ನಿಮಿಷ ಮಾತಾಡಿದರೂ ನನ್ನ ಸೈಕಲ್ ಅಂಗಳ ದಾಟಲಿಲ್ಲ, ಯಾರೂ ಗಮನಿಸಲೂ ಇಲ್ಲ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮಜ್ಜಿ ಮನೆ ಹೊನ್ನಾವರ. ಶರಾವತಿ ಬ್ರಿಜ್ ಮೇಲೆ ಸೈಕಲ್ ನಿಲ್ಲಿಸಿ ಫೋಟೋ ತೆಗೆದ್ರಾ?"

"ಮುಂದಿನ ವಾರ ತೋರಿಸ್ತೀನಿ" ಅಂದೆ.

ಮನೆಗೆ ಬಂದು ಕ್ಯಾಲೆಂಡರು ತಿರುಗಿಸಿ ಮತ್ತೆ ಲೆಕ್ಕಕ್ಕೆ ಕೂತೆ. ಪ್ರಶ್ನೆ ಬಂದಿರುವುದು ಸೇತುವೆಯ ಬಗ್ಗೆ ಮಾತ್ರ. ಆಯನೂರಿನ ಬಗ್ಗೆ ಯಾರೂ ಕೇಳಿಲ್ಲ. ಇಲ್ಲಿಂದ ರೈಲಿದೆ, ಹಳಿ ಮುಗಿಯುವುದೇ ತಾಳಗುಪ್ಪದಲ್ಲಿ. ಸೈಕಲ್ಲನ್ನು ಲಗೇಜು ಮಾಡಿ ಅಲ್ಲಿ ಇಳಿದರೆ ಉಳಿಯುವುದು 70 ಚಿಲ್ಲರೆ ಕಿಲೋಮೀಟರ್. ಅದರಲ್ಲಿ ಘಾಟಿಯೇ ದೊಡ್ಡ ಪಾಲು. ಜೋಗದಲ್ಲಿ ಶರಾವತಿ 253 ಮೀಟರನ್ನು ಒಂದೇ ಏಟಿಗೆ ಇಳಿಯುತ್ತಾಳೆ, ನಾನು ಸ್ವಲ್ಪ ಸುತ್ತಿ ಇಳಿಯುತ್ತೇನೆ, ಅಷ್ಟೇ ವ್ಯತ್ಯಾಸ. ಕಿಲೋಮೀಟರಿಗೆ ಸರಾಸರಿ ಎಷ್ಟು ಇಳಿಜಾರು ಅಂತ ಭಾಗಾಕಾರ ಮಾಡಿ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ.

ಈ ಸಲ ಅವಳು ನಗಲಿಲ್ಲ. ಚಿತ್ರ ನೋಡಿದಳು, ಅಂಗಳದ ಸೈಕಲ್ ನೋಡಿದಳು. "ರೀ, ಬ್ರೇಕ್ ನೋಡಿಸಿದೀರಾ?"

ತಳ್ಳಿಕೊಂಡು ಅಂಗಡಿಗೆ ಹೋದೆ. ಅವನು ಬ್ರೇಕ್ ಹಿಡಿದ. ಹಿಡಿ ಸಲೀಸಾಗಿ ಬಂದು ಹ್ಯಾಂಡಲ್ಲಿಗೆ ಮುತ್ತು ಕೊಟ್ಟಿತು, ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಬಗ್ಗಿ ನೋಡಿದರೆ ರಬ್ಬರ್ ಇರಬೇಕಾದ ಕಡೆ ಬರೀ ಕಬ್ಬಿಣ.

"ಮೇಷ್ಟ್ರೇ, ಇದು ಬ್ರೇಕಾ, ಕೈ ಊರಿಕೊಳ್ಳಕ್ಕೆ ಇಟ್ಟಿರೋದಾ? ಕೇಬಲ್ಲು, ಬ್ಲಾಕು ಎರಡೂ ಚೇಂಜ್ ಮಾಡ್ಬೇಕು. ಸಾಮಾನು ತರಿಸಬೇಕು, ಎರಡು ದಿನ ಆಗತ್ತೆ."

ನಾನು ಸ್ಟೂಲ್ ಎಳೆದುಕೊಂಡು ಕೂತೆ. "ನಿಧಾನಕ್ಕೆ ಮಾಡಪ್ಪ. ನನಗೇನೂ ಅವಸರ ಇಲ್ಲ."