ಗರಡಿಯ ಪಟ್ಟು ಬೀದಿಗೆ ಒದಗಬೇಕೆ? ಪರ – ವಿರೋಧ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಓಣಿಗಳ ಗರಡಿಮನೆಗಳೂ ಇವೆ, ಹೊಸ ಬಡಾವಣೆಗಳ ಕರಾಟೆ, ಟೇಕ್ವಾಂಡೊ ತರಗತಿಗಳೂ ಇವೆ. ಇಲ್ಲಿ ಕಲಿತ ವಿದ್ಯೆಯನ್ನು ನಿಜವಾದ ಹೊಡೆದಾಟಕ್ಕೆ ಒರೆ ಹಚ್ಚಿಯೇ ಬೆಲೆ ಕಟ್ಟಬೇಕೆ?

ಪರ: ಬಿಟ್ಟುಕೊಡದ ಮೈಯ ಮೇಲೆ ನಡೆಯಬೇಕು

ಮಣಿಕಟ್ಟು ಬಿಡಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವಾಗ ಮೊದಲಿಗೆ ಹೇಳಿಕೊಡುವುದು ಇದನ್ನೇ. ಹಿಡಿದವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ಇರುತ್ತವೆ. ಅವೆರಡೂ ಕೂಡುವ ಸಂದೇ ಹಿಡಿತದ ಸಡಿಲ ಜಾಗ. ಮುಂಗೈಯ ಕಿರಿದಾದ ಅಂಚನ್ನು ಆ ಸಂದಿಗೆ ತಿರುಗಿಸಿ ಎಳೆದರೆ ಕೈ ಬಿಡುತ್ತದೆ.

ವಿದ್ಯೆ ಸರಿಯಾದದ್ದೇ, ಕಲಿಸುವ ರೀತಿಯಲ್ಲಿ ಎಡವಟ್ಟಿದೆ. ಸಾಲಾಗಿ ನಿಲ್ಲಿಸಿ, ಎಣಿಕೆ ಹಾಕಿ, ಗೆಳತಿ ಮೆಲ್ಲಗೆ ಹಿಡಿದ ಕೈಯನ್ನು ಇಪ್ಪತ್ತು ಸಲ ಬಿಡಿಸಿದರೆ ಪಾಠ ಮುಗಿಯಿತು. ನಿಜವಾಗಿ ಹಿಡಿಯುವವನು ನಿಂತಲ್ಲೇ ನಿಲ್ಲುವುದಿಲ್ಲ, ಹಿಡಿದ ಕೂಡಲೇ ಎಳೆಯುತ್ತಾನೆ. ಎಳೆತಕ್ಕೆ ಹುಡುಗಿಯ ಮೊಣಕೈ ಚಾಚಿಕೊಳ್ಳುತ್ತದೆ, ಕಾಲು ತಪ್ಪುತ್ತದೆ, ಸಂದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಅವನ ಇನ್ನೊಂದು ಕೈಯೂ ಬಿದ್ದಿರುತ್ತದೆ. ಬರೀ ತೋಳಿನ ಬಲದಿಂದ ತನಗಿಂತ ಇಪ್ಪತ್ತು ಕಿಲೊ ಹೆಚ್ಚಿರುವವನ ಹಿಡಿತ ಬಿಡಿಸಲು ಆಗುವುದಿಲ್ಲ. ಅವನು ಎಳೆದ ಕಡೆಗೇ ಒಂದು ಹೆಜ್ಜೆ ಒಳಗೆ ಹೋಗಬೇಕು, ಮೊಣಕೈಯನ್ನು ತನ್ನ ಪಕ್ಕೆಗೆ ಅಂಟಿಸಬೇಕು, ಆಮೇಲೆ ಸೊಂಟ ತಿರುಗಿಸಬೇಕು. ಆಗ ಇಡೀ ಮೈಯ ಭಾರ ಅವನ ಒಂದು ಹೆಬ್ಬೆರಳಿನ ಮೇಲೆ ಬೀಳುತ್ತದೆ.

ಇದನ್ನು ಕಲಿಸಲು ಹಂತಗಳಿವೆ. ಮೊದಲು ಸಡಿಲ ಹಿಡಿತದಲ್ಲಿ ಹತ್ತು ಸಲ, ಹಾದಿ ಗೊತ್ತಾಗಲಿ ಎಂದು. ಆಮೇಲೆ ಪೂರ್ತಿ ಬಿಗಿ ಹಿಡಿತ. ಆಮೇಲೆ ಹಿಡಿದು ಎಳೆದಾಡುವುದು. ಕೊನೆಗೆ ಯಾವ ಕೈ, ಯಾವ ಕಡೆಯಿಂದ ಎನ್ನುವುದನ್ನೂ ಹೇಳದೆ ಹಿಡಿಯುವುದು. ಈ ಕೊನೆಯ ಹಂತದಲ್ಲಿ ಹೊಸಬರು ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಆ ಸೋಲು ತರಗತಿಯಲ್ಲೇ ಆಗಿಬಿಡಬೇಕು, ಬಸ್ ನಿಲ್ದಾಣದ ಹಿಂದಿನ ಕತ್ತಲಲ್ಲಿ ಅಲ್ಲ.

ನಮ್ಮ ಗರಡಿಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ದಂಡ, ಬೈಠಕ್ ಎಷ್ಟೇ ಹೊಡೆದರೂ ಅದು ಮೈ ಕಟ್ಟುವ ಕೆಲಸ. ಕುಸ್ತಿ ಕಲಿಯುವುದು ಜೋರ್‌ನಲ್ಲಿ, ಅಂದರೆ ಜೋಡಿಯಾಗಿ ನಿಜವಾಗಿ ಹಿಡಿದಾಡುವ ಅಭ್ಯಾಸದಲ್ಲಿ. ಎದುರಿನವನೂ ನಿನ್ನನ್ನೇ ಕೆಡವಲು ನೋಡುತ್ತಿರುತ್ತಾನೆ, ನಿನ್ನ ಹೆಡಕಿನ ಮೇಲೆ ಅವನ ಕೈಯ ಭಾರ ಇರುತ್ತದೆ, ಉಸಿರು ಕಟ್ಟುತ್ತದೆ, ಆಗಲೂ ಕಾಲು ಸರಿಯಾದ ಜಾಗಕ್ಕೆ ಹೋಗಬೇಕು. ಹಾವೇರಿ, ಗದಗ ಕಡೆಯ ಜಾತ್ರೆಗಳಲ್ಲಿ ನಡೆಯುವ ನಿಕಾಲಿ ಕುಸ್ತಿಯಲ್ಲಿ ಅಂಕದ ಲೆಕ್ಕವೇ ಇಲ್ಲ. ಬೆನ್ನು ಮಣ್ಣಿಗೆ ಹತ್ತಿದರಷ್ಟೇ ತೀರ್ಪು. ಅಲ್ಲಿ ಯಾರೂ ಯಾರಿಗೂ ಸುಮ್ಮನೆ ಬಿದ್ದುಕೊಡುವುದಿಲ್ಲ.

ಜಪಾನಿನ ಕಾನೋ ಜಿಗೊರೊ 1882ರಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಕಟ್ಟಿದಾಗ ಮಾಡಿದ್ದೂ ಇದನ್ನೇ. ಅಪಾಯಕಾರಿ ಹೊಡೆತಗಳನ್ನು ಗೊತ್ತಾದ ಚಲನೆಗಳ ಕಾತಾಗೆ ಬಿಟ್ಟರು. ಪೂರ್ತಿ ಬಲ ಹಾಕಿದರೂ ಜೊತೆಗಾರ ಮತ್ತೆ ಎದ್ದು ಬರಬಹುದಾದ ಪಟ್ಟುಗಳನ್ನು ದಿನದ ರಾಂದೋರಿಗೆ, ಅಂದರೆ ಬಿಟ್ಟುಕೊಡದೆ ಹಿಡಿದಾಡುವ ಅಭ್ಯಾಸಕ್ಕೆ, ಇಟ್ಟರು. ಕಣ್ಣು ಚುಚ್ಚುವುದನ್ನು ಗಾಳಿಯಲ್ಲಿ ನೂರು ಸಲ ಮಾಡಿದವನಿಗಿಂತ ಬಿಟ್ಟುಕೊಡದ ಮೈಯನ್ನು ದಿನವೂ ಎತ್ತಿ ಒಗೆದವನ ಕೈ ಹೆಚ್ಚು ಪಳಗಿರುತ್ತದೆ. 1993ರಲ್ಲಿ ಡೆನ್ವರ್‌ನಲ್ಲಿ ಬೇರೆ ಬೇರೆ ಕಲೆಯವರನ್ನು ಒಂದೇ ಕಣಕ್ಕೆ ಇಳಿಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ ಬ್ರೆಜಿಲಿನ ರಾಯ್ಸ್ ಗ್ರೇಸಿ ಅಲ್ಲಿ ದೊಡ್ಡ ಆಳಾಗಿರಲಿಲ್ಲ. ನೆಲಕ್ಕೆ ತಂದು ಹಿಡಿಯುವುದನ್ನು ಎದುರಾಳಿಯ ಪೂರ್ತಿ ವಿರೋಧದ ನಡುವೆ ಕಲಿತವನಾಗಿದ್ದ.

ಕರಾಟೆಯ ಬಗ್ಗೆ ನನಗೆ ತಾತ್ಸಾರವಿಲ್ಲ. ಮುಟ್ಟಿದ ಕೂಡಲೇ ಆಟ ನಿಲ್ಲಿಸಿ ಅಂಕ ಕೊಡುವ ಅಭ್ಯಾಸವೊಂದನ್ನೇ ಮಾಡಿದವರಿಗೆ ಒಂದು ಕೆಟ್ಟ ರೂಢಿ ಅಂಟುತ್ತದೆ: ಹೊಡೆತ ತಗುಲಿತು ಅನ್ನಿಸಿದೊಡನೆ ಕೈ ಇಳಿಸುತ್ತಾರೆ. ಎದುರಿನವನು ಇನ್ನೂ ಮುಂದೆ ಬರುತ್ತಲೇ ಇರುತ್ತಾನೆ.

ಶಿಸ್ತು, ಧೈರ್ಯ, ಶಾಂತಿಯೇ ಗುರಿ ಎನ್ನುವವರಿಗೂ ಹೇಳುವುದಿದೆ. ಮೇಲೆ ಸವಾರಿ ಕೂತವನ ಅಡಿಯಲ್ಲಿ ಗಾಬರಿಯಾಗದೆ ಉಸಿರಾಡಿ ಬಂದವನ ಶಾಂತಿಯನ್ನು ನಂಬಬಹುದು. ಸೊಂಟದ ಪಟ್ಟಿಯ ಬಣ್ಣ ಬದಲಾಗಿದ್ದಕ್ಕೆ ಬಂದ ಧೈರ್ಯ ಮಗುವನ್ನು ಅಪಾಯದ ಹತ್ತಿರಕ್ಕೇ ಕರೆದೊಯ್ಯುತ್ತದೆ. ಮಕ್ಕಳನ್ನು ಸೇರಿಸುವ ಮೊದಲು ತಂದೆ-ತಾಯಿ ಒಂದೇ ಪ್ರಶ್ನೆ ಕೇಳಲಿ: ವಾರದಲ್ಲಿ ಎಷ್ಟು ನಿಮಿಷ ಎದುರಾಳಿ ಬಿಟ್ಟುಕೊಡದೆ ಆಡುತ್ತಾನೆ?

ವಿರೋಧ: ಮಣ್ಣಿನ ವಿದ್ಯೆಯನ್ನು ಡಾಂಬರಿನ ಮೇಲೆ ಅಳೆಯಬೇಡಿ

ಜೋರ್ ಬೇಕು ಎನ್ನುವುದನ್ನು ಒಪ್ಪುತ್ತೇನೆ. ಬಿಟ್ಟುಕೊಡುವ ಜೊತೆಗಾರನಿಂದ ಯಾರೂ ಏನೂ ಕಲಿಯುವುದಿಲ್ಲ. ಆದರೆ ಜೋರ್‌ನಿಂದ ಬೀದಿ ಜಗಳಕ್ಕೆ ಹಾರುವುದು ತಪ್ಪು ಲೆಕ್ಕ.

ಗರಡಿಯ ಮಣ್ಣನ್ನೇ ನೋಡಿ. ಕೆಂಪು ಮಣ್ಣು ತಂದು, ಕುಟ್ಟಿ, ಸಾಣಿಗೆ ಹಿಡಿದು, ಒಂದು ಹರಳೂ ಉಳಿಯದಂತೆ ಆರಿಸುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕಲಸುತ್ತಾರೆ. ಗಾಯ ನಂಜಾಗಬಾರದು, ಮಣ್ಣು ಧೂಳೇಳಬಾರದು, ಗಟ್ಟಿಯೂ ಆಗಬಾರದು ಎಂದು. ದಿನವೂ ಆಟಕ್ಕೆ ಮೊದಲು ಸಲಿಕೆಯಿಂದ ಅಗೆದು ಸಡಿಲಿಸುತ್ತಾರೆ. ಒಂದು ದಿನ ಅಗೆಯದೆ ಬಿಟ್ಟರೂ ಮಣ್ಣು ಕೂತುಬಿಡುತ್ತದೆ, ಬಿದ್ದವನ ಭುಜ ಹೋಗುತ್ತದೆ. ಇಷ್ಟೆಲ್ಲ ಯಾರಿಗಾಗಿ? ಬೀಳುವವನಿಗಾಗಿ. ಅವನು ನಾಳೆಯೂ ಬರಬೇಕು. ಹಿಡಿಯುವ ಮೊದಲು ಒಬ್ಬರ ಮೈಗೆ ಒಬ್ಬರು ಮಣ್ಣು ಹಚ್ಚುತ್ತಾರೆ, ಬೆವರಿದ ಮೈ ಕೈಗೆ ಸಿಗಲಿ ಎಂದು. ತನ್ನನ್ನು ಹಿಡಿಯಲು ಎದುರಾಳಿಗೆ ತಾನೇ ಅನುಕೂಲ ಮಾಡಿಕೊಡುವುದು ಯಾವ ಬೀದಿ ಜಗಳದಲ್ಲಿದೆ?

ಇನ್ನು ಧೋಬಿ ಪಛಾಡ್. ಎದುರಾಳಿಯ ತೋಳನ್ನು ಎರಡೂ ಕೈಯಿಂದ ಭುಜದ ಮೇಲೆ ಎಳೆದುಕೊಂಡು, ಬೆನ್ನು ತಿರುಗಿಸಿ, ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ಇಳಿಸಿ, ಅಗಸರು ಬಟ್ಟೆ ಒಗೆದಂತೆ ಮುಂದಕ್ಕೆ ಒಗೆಯುವುದು. ಸೊಂಟ ಕೆಳಗೆ ಇಳಿಯದಿದ್ದರೆ ಪಟ್ಟು ಸಾಗುವುದಿಲ್ಲ, ಬೆನ್ನು ಕೊಟ್ಟಂತಾಗಿ ಹಿಂದಿನಿಂದ ಸಿಕ್ಕಿಬೀಳುತ್ತೀರಿ. ಸಾಗಿದರೆ ಅವನು ಬೆನ್ನಡಿಯಾಗಿ ಬೀಳುತ್ತಾನೆ. ಮಣ್ಣಿನಲ್ಲಿ ಹಲಗಿಯ ಸದ್ದಿಗೆ ಎದ್ದು ಕೈ ಕೊಡುತ್ತಾನೆ. ಅದೇ ಒಗೆತ ಕಾಂಕ್ರೀಟ್ ರಸ್ತೆಯ ಮೇಲೆ ಆದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ, ಅವನು ಏಳದೆಯೂ ಇರಬಹುದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದಷ್ಟೇ ಪೆಟ್ಟಿಗೆ. ಪಾರ್ಕಿಂಗ್ ಜಗಳಕ್ಕೆ ಈ ಪಟ್ಟು ‘ಒದಗಿತು’ ಎಂದರೆ ಒಬ್ಬ ಆಸ್ಪತ್ರೆಗೆ, ಇನ್ನೊಬ್ಬ ಠಾಣೆಗೆ.

ಒಳನುಗ್ಗಿ ಕಾಲು ಹಿಡಿಯುವ ಪಟ್ಟೂ ಹಾಗೆಯೇ. ಮಣ್ಣಿನಲ್ಲಿ ಮೊಣಕಾಲು ಊರಿ ಜಾರಬಹುದು, ಡಾಂಬರಿನ ಮೇಲೆ ಮೊದಲು ಒಡೆಯುವುದು ನಿಮ್ಮ ಮೊಣಚಿಪ್ಪು. ಎದುರಿನವನ ಕೈಯಲ್ಲಿ ಚಾಕು ಇದ್ದರೆ, ಅಥವಾ ಅವನ ಹಿಂದೆ ಇನ್ನಿಬ್ಬರು ಇದ್ದರೆ, ಅವನನ್ನು ಅಪ್ಪಿ ಹಿಡಿಯುವುದೇ ಅತಿ ದೊಡ್ಡ ತಪ್ಪು. ಓಡಬೇಕು, ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಇದನ್ನು ಕಲಿಯಲು ಹತ್ತು ವರ್ಷ ಗರಡಿ ಬೇಡ.

ನಮ್ಮ ನೆಲದ ಹಳೆಯ ಸಾಕ್ಷಿಯೂ ಇದೇ ಹೇಳುತ್ತದೆ. ಹಾವೇರಿ, ಗದಗ ಸುತ್ತಿನ ವೀರಗಲ್ಲುಗಳಲ್ಲಿ ತುರು ಕಾಯ್ದು ಸತ್ತವನ ಕೈಯಲ್ಲಿ ಕತ್ತಿ-ಗುರಾಣಿ, ಬಿಲ್ಲು-ಬಾಣ. ಪ್ರಾಣದ ಹೋರಾಟ ಆಯುಧದ್ದಾಗಿತ್ತು. ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲದ ಪ್ರಕಾರ ವಿಂಗಡಿಸಿ, ಅವರ ವ್ಯಾಯಾಮ, ಊಟವನ್ನು ವಿವರವಾಗಿ ಹೇಳುತ್ತಾನೆ. ಆ ಅಧ್ಯಾಯದ ಹೆಸರು ‘ಮಲ್ಲವಿನೋದ’. ಸಮಬಲದವರನ್ನು ಹುಡುಕಿ ಜೋಡಿ ಹಾಕುವುದು ಈ ವಿದ್ಯೆಯ ಮೂಲದಲ್ಲೇ ಇದೆ. ಬೀದಿಯಲ್ಲಿ ಯಾರೂ ಜೋಡಿ ನೋಡಿ ಹೊಡೆಯುವುದಿಲ್ಲ.

ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮಕ್ಕಳು ಮಲ್ಲಕಂಬ ಏರುತ್ತಾರೆ. ಔಡಲೆಣ್ಣೆ ಸವರಿದ ಕಂಬವನ್ನು ತೊಡೆಯಲ್ಲಿ ಬಿಗಿಹಿಡಿದು, ತಲೆಕೆಳಗಾಗಿ, ಕೈ ಬಿಟ್ಟು ನಿಲ್ಲುತ್ತಾರೆ. ಮಲ್ಲರ ತಾಲೀಮಿಗೆಂದೇ ಹುಟ್ಟಿದ ಕಂಬ ಅದು. ಈಗ ಎದುರಾಳಿಯೇ ಇಲ್ಲ, ಆದರೂ ಆ ಮಗುವಿನ ಹಿಡಿತ, ತೂಕದ ಅಂದಾಜು, ಬೀಳುವ ಭಯವನ್ನು ಮೀರಿದ ರೀತಿ ಯಾವುದೂ ಸುಳ್ಳಲ್ಲ.

ಹೊಡೆದಾಟವೇ ಗುರಿಯಾದರೆ ದಿನದ ತಾಲೀಮಿನ ಸಾಧನೆಯ ಆಯುಷ್ಯವೂ ಮೊಟಕಾಗುತ್ತದೆ. ಮೂವತ್ತೈದು ದಾಟಿದ ಮೇಲೆ ಕಣದಲ್ಲಿ ಗೆಲ್ಲುವುದು ಕಷ್ಟ. ‘ಇನ್ನೇನು ಉಪಯೋಗ’ ಎಂದು ಗರಡಿ ಬಿಟ್ಟ ಪೈಲ್ವಾನರ ಪಾಡು ನೋಡಿ: ಬೈಠಕ್ ನಿಂತಿತು, ತುಪ್ಪ-ಬಾದಾಮಿಯ ಊಟ ನಿಲ್ಲಲಿಲ್ಲ. ನಾಲ್ಕೈದು ವರ್ಷದಲ್ಲಿ ಹೊಟ್ಟೆ, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಸಾಧನೆಯನ್ನೇ ಹಿಡಿದವರು ಊಟವನ್ನು ಅರ್ಧಕ್ಕೆ ಇಳಿಸಿ, ಐನೂರು ಬೈಠಕ್‌ಅನ್ನು ಐವತ್ತಕ್ಕೆ ತಂದು, ಹಿಮ್ಮಡಿ ಎತ್ತುವ ವೇಗದ ಬೈಠಕ್ ಬಿಟ್ಟು ಪಾದ ಪೂರ್ತಿ ಊರಿ ನಿಧಾನವಾಗಿ ಕೂತೇಳುತ್ತಾರೆ. ಜೋರ್ ಹಿಡಿಯುವುದಿಲ್ಲ. ಬೆಳಗಿನ ಐದಕ್ಕೆ ಬಂದು, ಹನುಮಪ್ಪನಿಗೆ ಕೈ ಮುಗಿದು, ಸಲಿಕೆ ಹಿಡಿದು, ಹುಡುಗರು ಬರುವ ಮೊದಲೇ ಮಣ್ಣು ಅಗೆದಿಡುತ್ತಾರೆ.